ನಿಡೋಣಿಯ ಪರ್ವತಾರೋಹಣವೂ ಆಣೆಕಲ್ಲಿನ ಆಪತ್ತೂ: ಒಂದು ಶಾಸ್ತ್ರವಿಚಾರ

ಪರ್ವತ ಹತ್ತುವಾಗ ಆಣೆಕಲ್ಲು ಮಳೆಗೆ ಸಿಕ್ಕಿಕೊಂಡವರ ಬಗ್ಗೆ ಲೋಕದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಆದರೆ ಬಬಲೇಶ್ವರ ತಾಲ್ಲೂಕಿನ ನಿಡೋಣಿಯನ್ನು ಯಾರೂ ಗಣನೆಗೆ ತೆಗೆದುಕೊಂಡಿಲ್ಲ. ಅಲ್ಲಿ ಪರ್ವತವೇ ಇಲ್ಲ ಎಂಬ ಕ್ಷುಲ್ಲಕ ಸಂಗತಿ ಇದಕ್ಕೆ ಕಾರಣ. ಇಂಥದ್ದಕ್ಕೆಲ್ಲ ಶಾಸ್ತ್ರಕಾರರು ಅಂಜಿದ್ದರೆ ಮೊಲದ ಕೊಂಬಿನ ಮೇಲೆ ಅಷ್ಟೊಂದು ಚರ್ಚೆ ನಡೆಯುತ್ತಿರಲಿಲ್ಲ.

ಮೊದಲು ಪೂರ್ವಪಕ್ಷ. ಗುಡ್ಡದ ಮೇಲೆ ಹೊಗೆ ಕಂಡರೆ ಬೆಂಕಿ ಉಂಟೆಂದು ಊಹಿಸುವುದು ತರ್ಕದ ಹಳೆಯ ಪಾಠ. ಅನ್ನಂಭಟ್ಟನ ‘ತರ್ಕಸಂಗ್ರಹ’ವೂ ಅದೇ ಗುಡ್ಡವನ್ನು ಹಿಡಿದಿದೆ. ಹಾಗಾದರೆ ಗುಡ್ಡವಿಲ್ಲದ ಎರೆಭೂಮಿಯಲ್ಲಿ ಅನುಮಾನ ಪ್ರಮಾಣವೇ ನಡೆಯದೇ? ಧಾರಾಳವಾಗಿ ನಡೆಯುತ್ತದೆ. ಕಣಿಕಿ ಬಣವಿಯ ಮೇಲೆ ಹೊಗೆ ಕಂಡರೆ ನಿಡೋಣಿಯವರು ವ್ಯಾಪ್ತಿಜ್ಞಾನಕ್ಕೆ ಕಾಯದೆ ಕೊಡ ಹಿಡಿದು ಓಡುತ್ತಾರೆ. ಪರ್ವತದ ಕೆಲಸವನ್ನು ಬಣವಿ ಮಾಡುತ್ತಿರುವುದರಿಂದ ಬಣವಿಯೇ ಪರ್ವತವೆಂದು ಸಿದ್ಧವಾಯಿತು.

ಇದಕ್ಕಿಂತ ಎತ್ತರದ್ದು ಬೇಕೆನ್ನುವ ಸಂಶಯಾತ್ಮರು ವಿಜಯಪುರದ ಉಪ್ಪಲಿ ಬುರುಜಿಗೆ ಹೋಗಬಹುದು. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ್ದು, ಎತ್ತರ ಸುಮಾರು 80 ಅಡಿ, ಮೆಟ್ಟಿಲುಗಳು ಹೊರಮೈಗೆ ಸುತ್ತಿಕೊಂಡಿವೆ. ನೆತ್ತಿಯ ಮೇಲೆ ಉದ್ದುದ್ದನೆಯ ತೋಪುಗಳಿವೆ. ಶತ್ರು ಯಾವ ದಿಕ್ಕಿನಿಂದ ಬಂದರೂ ಕಾಣಲೆಂದು ಇಷ್ಟು ಖರ್ಚು ಮಾಡಿದವನು ನೆತ್ತಿಯ ಮೇಲಿನಿಂದ ಬರುವವನ ವಿಚಾರ ಮಾಡಿದಂತಿಲ್ಲ.

ಈ ಶಾಸ್ತ್ರದ ಮಹಾಕ್ಷೇತ್ರ ಉತ್ತರಾಖಂಡದ ರೂಪಕುಂಡ. 5,000 ಮೀಟರಿಗೂ ಎತ್ತರದ ಆ ಕೊಳದ ಬಳಿ 1942ರಲ್ಲಿ ಅರಣ್ಯ ಇಲಾಖೆಯವರ ಕಣ್ಣಿಗೆ ರಾಶಿ ಅಸ್ಥಿಪಂಜರಗಳು ಬಿದ್ದವು. ಕೆಲವು ಬುರುಡೆಗಳ ಮೇಲಿನ ಪೆಟ್ಟು ನೋಡಿದ ವಿದ್ವಾಂಸರು, ಯಾತ್ರಿಕರೆಲ್ಲ ಒಂದೇ ಆಣೆಕಲ್ಲು ಮಳೆಗೆ ಸತ್ತರೆಂದು ಹೇಳಿ ಕೈತೊಳೆದುಕೊಂಡಿದ್ದರು. 2019ರಲ್ಲಿ ಡಿಎನ್‌ಎ ಮತ್ತು ಕಾಲನಿರ್ಣಯ ಪರೀಕ್ಷೆಗಳ ಫಲಿತಾಂಶ ಬಂತು: ಇವರು ಒಟ್ಟಿಗೆ ಸತ್ತವರಲ್ಲ, ಗುಂಪು ಗುಂಪಿನ ನಡುವೆ ಸಾವಿರ ವರ್ಷದ ಅಂತರವಿದೆ, ಒಂದು ಗುಂಪಿನ ಮೂಲವಂತೂ ಗ್ರೀಸಿನ ಆಸುಪಾಸು. ಆದರೆ 1888ರ ಏಪ್ರಿಲ್ 30ರಂದು ಮೊರಾದಾಬಾದಿನಲ್ಲಿ ಆಣೆಕಲ್ಲು ಬಿದ್ದು 246 ಜನ ಸತ್ತದ್ದು ದಾಖಲೆಯಲ್ಲಿದೆ, ಅದರಲ್ಲಿ ಸಂಶಯವಿಲ್ಲ. ಮೊರಾದಾಬಾದ್ ಬಯಲು ಸೀಮೆ. ಪರ್ವತದ ಸಾಕ್ಷ್ಯ ಅಲುಗಾಡುತ್ತದೆ, ಬಯಲಿನ ಸಾಕ್ಷ್ಯ ಗಟ್ಟಿಯಾಗಿದೆ. ನಿಡೋಣಿಯ ಹಕ್ಕು ಇದರಿಂದ ಇನ್ನಷ್ಟು ಬಲವಾಗುತ್ತದೆ.

ಇನ್ನು ಕಾರಣಮೀಮಾಂಸೆ. ಬೇಸಿಗೆಯಲ್ಲಿ ಎರೆಹೊಲ ಕಾದು ಬಿಸಿಗಾಳಿ ಮೇಲೇಳುತ್ತದೆ. ಮೋಡದೊಳಗೆ ಶೂನ್ಯ ಡಿಗ್ರಿಗಿಂತ ತಣ್ಣಗಾದರೂ ಹೆಪ್ಪುಗಟ್ಟದೆ ಉಳಿದ ಹನಿಗಳು ಹಿಮದ ಹರಳಿಗೆ ಮೆತ್ತಿಕೊಳ್ಳುತ್ತ ಹೋಗುತ್ತವೆ. ಗಾಳಿಗೆ ಎತ್ತಿ ಹಿಡಿಯಲಾಗದಷ್ಟು ಭಾರವಾದಾಗ ಕಲ್ಲು ಬೀಳುತ್ತದೆ. ಅಂದರೆ ಈ ಪ್ರಕರಣದಲ್ಲಿ ನಿಜವಾದ ಆರೋಹಣ ಮಾಡಿದ್ದು ಕಲ್ಲು, ಪೆಟ್ಟು ತಿಂದದ್ದು ಮಾತ್ರ ಕೆಳಗಿದ್ದವನು.

ಕೆಳಗಿದ್ದವನು ಯಾರು? ಇಲ್ಲಿದೆ ಸಿದ್ಧಾಂತ. ಅವನು ದ್ರಾಕ್ಷಿ ಬೆಳೆಗಾರ, ಮತ್ತು ಅವನೂ ಹತ್ತುತ್ತಲೇ ಇದ್ದ. ಅಕ್ಟೋಬರ್ ಚಾಟ್ನಿಗೆ, ಅಂದರೆ ಬಳ್ಳಿ ಸವರುವಾಗ, ಅವನ ಆರೋಹಣ ಶುರು. ಮೋಡ ಕವಿದ ದಿನಗಳಲ್ಲಿ ಡೌನಿ ರೋಗಕ್ಕೆ ಔಷಧ ಹೊಡೆಯುತ್ತ, ಸೊಸಾಯಿಟಿ ಸಾಲದ ಹಗ್ಗ ಹಿಡಿದು ಮೇಲೇರಿ, ಫೆಬ್ರುವರಿ–ಮಾರ್ಚಿನ ಹೊತ್ತಿಗೆ ಹಣ್ಣಿಗೆ ಸಿಹಿ ಏರಿದಾಗ ಶಿಖರದ ಹತ್ತಿರ ಬಂದಿರುತ್ತಾನೆ. ಕಲ್ಲು ಬೀಳುವ ಹೊತ್ತೂ ಅದೇ. 2014ರ ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಹಾಗೇ ಬಿತ್ತು. ಕಲ್ಲು ತಾಗಿದ ಕಾಯಿ ಸೀಳಿ ರಸ ಸೋರಿ, ಎರಡೇ ದಿನಕ್ಕೆ ಗೊಂಚಲೆಲ್ಲ ಹುಳಿ ವಾಸನೆ. ಒಣದ್ರಾಕ್ಷಿ ಮಾಡಲು ರ‍್ಯಾಕಿಗೆ ಹಾಕಿದ್ದರೆ ನೆಂದು ಕಪ್ಪಾಗುತ್ತದೆ.

ಅಧಃಪತನವನ್ನು ಅಳೆಯುವ ಶಾಸ್ತ್ರವೂ ಉಂಟು. ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಬೆಳೆಯ ಶೇ 33ರಷ್ಟಾದರೂ ಹಾಳಾಗಿರಬೇಕು. 2015ಕ್ಕೆ ಮುಂಚೆ ಶೇ 50 ಇತ್ತು. ಆಗ ಬೀಳಬೇಕಾದವನು ಇನ್ನೂ ಶ್ರದ್ಧೆಯಿಂದ ಬೀಳಬೇಕಿತ್ತು. ಈ ನ್ಯಾಯವನ್ನು ಹಿಮಾಲಯಕ್ಕೂ ಅನ್ವಯಿಸಿದರೆ, ತಲೆಯ ಶೇ 32ರಷ್ಟು ಭಾಗ ಮಾತ್ರ ಒಡೆದ ಚಾರಣಿಗ ಕ್ಷೇಮವಾಗಿದ್ದಾನೆಂದೇ ತಿಳಿಯಬೇಕು. ಅರ್ಹವಾಗಿ ಬಿದ್ದವನಿಗೆ, ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆಯಾದರೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರಿನ ಮಿತಿಯೊಳಗೆ. ಮೂರನೆಯ ಹೆಕ್ಟೇರಿನಲ್ಲಿ ಬಿದ್ದ ಕಲ್ಲು ಶಾಸ್ತ್ರದೃಷ್ಟಿಯಲ್ಲಿ ಬಿದ್ದೇ ಇಲ್ಲ.

ಈ ಸಿದ್ಧಾಂತವನ್ನು ಚಹಾದ ಅಂಗಡಿಯ ವಿದ್ವತ್ಸಭೆಯಲ್ಲಿ ಮಂಡಿಸಿದಾಗ ಹಿರಿಯರೊಬ್ಬರು ಆಕ್ಷೇಪ ಎತ್ತಿದರು: “ಅಲ್ರೀ ಸರ, ಗುಡ್ಡಾ ಹತ್ತಾವ್ರು ತಲಿಗಿ ಹೆಲ್ಮೆಟ್ ಹಾಕ್ಕೊಂತಾರು. ನಾ ನಾಕ್ ಎಕರೆ ದ್ರಾಕ್ಷಿ ಪಡಕ್ಕ ಹೆಲ್ಮೆಟ್ ಎಲ್ಲಿಂದ ತರ‍್ಲಿ?”

“ಕಾಕಾ, ಪ್ಲಾಸ್ಟಿಕ್ ಹೊದಿಕಿ ಬಂದೈತಲ್ರಿ” ಎಂದು ಸಮಾಧಾನ ಹೇಳಿದೆ. ಇಂದ್ರ ಕಲ್ಲುಮಳೆ ಸುರಿಸಿದಾಗ ಕೃಷ್ಣ ಗೋವರ್ಧನವನ್ನೇ ಹೊದಿಕೆ ಮಾಡಿದ ಪೂರ್ವೋದಾಹರಣೆಯನ್ನೂ ಕೊಟ್ಟೆ. ಪರ್ವತ ಮನುಷ್ಯನ ಕೆಳಗಿರದೆ ಮೇಲಿದ್ದುದರಿಂದಲೇ ಅಲ್ಲಿ ಪ್ರಾಣಹಾನಿ ಆಗಲಿಲ್ಲ ಎಂಬುದನ್ನು ಹಿಂದಿನ ವ್ಯಾಖ್ಯಾನಕಾರರು ಗಮನಿಸಿದಂತಿಲ್ಲ.

“ಅವಗ ಒಂದ್ ಬಟ್ಟಿನ್ಯಾಗ ಮುಗೀತ್ರಿ. ನಮಗ ಎಕರೆಕ್ಕ ಲಕ್ಷಗಟ್ಲೆ ಬೇಕು.”

ಈ ಮಾತನ್ನು ಅಡಿಟಿಪ್ಪಣಿಗೆ ತಳ್ಳಲಾಗಿದೆ.

ಪ್ರತ್ಯಕ್ಷ ಪ್ರಮಾಣಕ್ಕೊಂದು ತೊಡಕಿದೆ: ಪಂಚನಾಮೆಯವರು ಬರುವ ಹೊತ್ತಿಗೆ ಮುಖ್ಯ ಸಾಕ್ಷಿ ಕರಗಿ ಹೋಗಿರುತ್ತದೆ. ಅದಕ್ಕೇ ಈಗ ಕಲ್ಲನ್ನು ತಾಟಿನಲ್ಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯುವ ಪದ್ಧತಿ ಬಂದಿದೆ. ನಾವು ಒಂದು ಹೆಜ್ಜೆ ಮುಂದೆ ಹೋಗಿ ಎರಡು ಕಲ್ಲು ಆರಿಸಿದೆವು. ಒಂದನ್ನು ಈಳಿಗೆಯಲ್ಲಿ ಸೀಳಿದಾಗ ಉಳ್ಳಾಗಡ್ಡಿಯಂತೆ ಪದರ ಪದರ ಕಂಡಿತು, ಒಂದು ಬಿಳಿ, ಒಂದು ತಿಳಿ. ಇನ್ನೊಂದನ್ನು ಮುಂದಿನ ಸಂಶೋಧನೆಗೆಂದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಚೀಟಿ ಹಚ್ಚಿ ಇಟ್ಟಿದ್ದೆವು. ಮರುದಿನ ಮಧ್ಯಾಹ್ನ ಮನೆಯ ಹುಡುಗಿ ಅದನ್ನು ಲಿಂಬು ಶರಬತ್ತಿಗೆ ಹಾಕಿಕೊಂಡು ಕುಡಿದಳು. ಚೀಟಿ ಇದೆ.