ಸಾಹೇಬರ ನೆತ್ತಿಯ ಮೇಲಣ ಮೊಳೆ

ಕೆಂಗೇರಿ ಉಪನಗರದ ಸರ್ಕಾರಿ ಕಛೇರಿಯೊಂದರಲ್ಲಿ (ಯಾವುದೆಂದು ಹೇಳುವುದು ಲೇಖಕನಿಗೆ ಕ್ಷೇಮಕರವಲ್ಲ), ಸಾಹೇಬರು ಬರುವರೆಂದು ಸಾರಲಾದ ಹೊತ್ತಿಗೂ ಅವರು ನಿಜವಾಗಿ ದಯಮಾಡಿಸುವ ಹೊತ್ತಿಗೂ ನಡುವಣ ವಿಶಾಲವಾದ ಅವಕಾಶದಲ್ಲಿ, ಅವರ ಕುರ್ಚಿಯ ಹಿಂದಣ ಗೋಡೆಯಲ್ಲಿ ನೆಟ್ಟು ದೇವರ ಪಟವನ್ನು ಹೊತ್ತಿರುವ ಕಬ್ಬಿಣದ ಮೊಳೆಯು ಈ ಸಂದರ್ಶನವನ್ನು ಅನುಗ್ರಹಿಸಿತು. ಮೊಳೆಗೆ ಮಾತೆಲ್ಲಿಯದೆಂದು ಶಂಕಿಸುವವರು ಅಂಥ ಕಛೇರಿಯ ಬೆಂಚಿನ ಮೇಲೆ ಒಂದು ಪೂರ್ವಾಹ್ನವನ್ನು ಕಳೆದು ನೋಡಬೇಕು.

ಪ್ರಶ್ನೆ: ಸರ್ಕಾರಕ್ಕೆ ಮತವಿಲ್ಲವೆನ್ನುತ್ತಾರೆ. ಹಾಗಿರಲು ಅದರ ಗೋಡೆಯ ಮೇಲೆ ದೇವರೇಕೆ?

ಮೊಳೆ: ನನಗೂ ಮತವಿಲ್ಲ, ಸ್ವಾಮಿ. ಒಬ್ಬರು ಲಕ್ಷ್ಮೀನರಸಿಂಹನನ್ನು ತೂಗುಹಾಕಿದರು. ಅವರು ವರ್ಗವಾಗಿ ಹೋದ ಮೇಲೆ ಬಂದವರು ಮನೆದೇವರಾದ ಮಾದಪ್ಪನನ್ನು ತಂದರು. ನಡುವೆ ಒಬ್ಬರು ಏಸುಸ್ವಾಮಿಯ ಚಿಕ್ಕ ಚಿತ್ರವನ್ನು ಮೇಜಿನ ಗಾಜಿನಡಿಯಲ್ಲಿ ಅಡಗಿಸಿಟ್ಟುಕೊಂಡು ನನಗೆ ವಿಶ್ರಾಂತಿ ಕೊಟ್ಟಿದ್ದರು. ಗೋಡೆ ಎಲ್ಲರದೆಂದು ಬಾಯಲ್ಲಿ ಹೇಳಿದರೂ, ಮೊಳೆಯವರೆಗೆ ಕೈ ಚಾಚುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಪ್ರಶ್ನೆ: ನಿರ್ದಿಷ್ಟ ಮತವೊಂದರ ಪ್ರಸಾರಕ್ಕಾಗಿ ತೆರಿಗೆ ಕೊಡುವಂತೆ ಯಾರನ್ನೂ ಬಲವಂತಪಡಿಸಕೂಡದೆಂದು ಸಂವಿಧಾನದ 27ನೆಯ ವಿಧಿ ಹೇಳುತ್ತದಲ್ಲ?

ಮೊಳೆ: ತೆರಿಗೆಯ ಕಾಸು ಇಲ್ಲಿ ಒಂದೂ ಇಲ್ಲ. ಪಟ ಸಾಹೇಬರದು, ಹೂವು ಜವಾನನ ಜೇಬಿನದು, ಆಯುಧಪೂಜೆಯ ಕಡಲೆಪುರಿ ಭಕ್ತಾದಿಗಳಾದ ಗುತ್ತಿಗೆದಾರರದು. ಊದಿನಕಡ್ಡಿಯನ್ನಂತೂ ಕೇವಲ ಭಕ್ತಿಯಿಂದ ಹಚ್ಚುತ್ತಾರೆಂದು ಭಾವಿಸಬೇಡಿ. ಬಸವನಗುಡಿಯ ನಂದಿಯ ಪಾದಮೂಲದಲ್ಲಿ ಹುಟ್ಟಿದಳೆಂದು ಪ್ರತೀತಿಯುಳ್ಳ ವೃಷಭಾವತಿ ನದಿ, ಕೆಂಗೇರಿಗೆ ಬರುವ ವೇಳೆಗೆ ಊರ ಕೊಳೆಯನ್ನೆಲ್ಲ ಹೊತ್ತು, ಕಿಟಕಿಯಿಂದ ತನ್ನ ಇರವನ್ನು ತಿಳಿಸುತ್ತಾಳೆ. ಇನ್ನು ಪೂಜೆಯ ಮಾತೆಂದರೆ, 2023ರಲ್ಲಿ ವಿಧಾನಸೌಧ, ವಿಕಾಸಸೌಧಗಳ ಮೊಗಸಾಲೆಗಳಲ್ಲಿ ಆಯುಧಪೂಜೆಗೆ ರಾಸಾಯನಿಕ ಬಣ್ಣ ಬಳಸಕೂಡದೆಂದು ಸುತ್ತೋಲೆ ಹೊರಟು, ಎಷ್ಟು ಗದ್ದಲವಾಯಿತು! ಸರ್ಕಾರ ತಡೆದದ್ದು ನೆಲಕ್ಕೆ ಬೀಳುವ ಕಲೆಯನ್ನು. ಪೂಜೆಯ ಗೊಡವೆಗೆ ಹೋಗಲೇ ಇಲ್ಲ.

ಪ್ರಶ್ನೆ: ಆದರೆ ಅಮೆರಿಕಾದ ಅಲಬಾಮಾದಲ್ಲಿ ಮುಖ್ಯ ನ್ಯಾಯಮೂರ್ತಿ ರಾಯ್ ಮೂರ್ ಎಂಬವರು 2001ರಲ್ಲಿ ನ್ಯಾಯಾಲಯದೊಳಗೆ ಹತ್ತು ಆಜ್ಞೆಗಳ ಶಿಲಾಸ್ಮಾರಕವನ್ನೇ ನಿಲ್ಲಿಸಿದ್ದರು. ತೆಗೆಯಿರೆಂದ ಫೆಡರಲ್ ನ್ಯಾಯಾಲಯದ ಆಜ್ಞೆಯನ್ನು ಮೀರಿದ್ದಕ್ಕಾಗಿ 2003ರಲ್ಲಿ ಕಲ್ಲೂ ಹೋಯಿತು, ಪದವಿಯೂ ಹೋಯಿತು.

ಮೊಳೆ: ಎರಡು ಟನ್ನಿಗೂ ಮಿಗಿಲಾದ ಕಲ್ಲಂತೆ ಅದು. ಪಾಪ, ಅವರಿಗೆ ಮೊಳೆಯ ಮಹಿಮೆ ತಿಳಿಯದು. ಕಲ್ಲು ನಿಲ್ಲಿಸಿದರೆ ದಾವೆ ಹೂಡುವವರಿದ್ದಾರೆ. ಮೊಳೆ ಹೊಡೆದರೆ ಯಾರು ನ್ಯಾಯಾಲಯಕ್ಕೆ ಹೋಗುತ್ತಾರೆ?

ಪ್ರಶ್ನೆ: ಹಾಗಾದರೆ ತಮ್ಮ ಆಕ್ಷೇಪಣೆ ಏನೂ ಇಲ್ಲವೆ?

ಮೊಳೆ: ಒಂದಿದೆ. ನಾನು ನೆಟ್ಟಿರುವ ಸ್ಥಳವನ್ನು ಗಮನಿಸಿ. ಖಾತೆಗಾಗಿಯೋ ಪಿಂಚಣಿಗಾಗಿಯೋ ಹಲವು ಸಲ ಅಲೆದು ಬೇಸತ್ತು, ಈ ದಿನ ಎರಡು ಮಾತು ಕೇಳಿಯೇ ಬಿಡುತ್ತೇನೆಂದು ಬಾಗಿಲು ನೂಕಿ ಒಳಬರುವ ಮನುಷ್ಯನಿಗೆ ಮೊದಲು ಕಾಣುವುದು ದೇವರು. ಎತ್ತಿದ ಕೈಗಳು ತಾವಾಗಿಯೇ ಜೋಡಿಕೊಳ್ಳುತ್ತವೆ. ಆ ನಮಸ್ಕಾರವು ಪಟಕ್ಕೆ ಸಲ್ಲುವ ಮುನ್ನ, ಅದರ ಕೆಳಗೆ ಕುಳಿತವರ ತಲೆಯ ಮೇಲೆ ಹಾದುಹೋಗಬೇಕಷ್ಟೆ, ಹಾದಿಯಲ್ಲೇ ಸ್ವೀಕೃತವಾಗುತ್ತದೆ. ಸಾಹೇಬರಿಗಾದರೋ ದೇವರು ಕಾಣುವುದೇ ಇಲ್ಲ, ಅವರದು ಬೆನ್ನು. 2024ರ ಜನವರಿಯಲ್ಲಿ ಸಾಂಸ್ಕೃತಿಕ ನಾಯಕರೆಂದು ಘೋಷಿತರಾದ ಬಸವಣ್ಣನವರು ಈಗ ಪಕ್ಕದ ಮೊಳೆಗೆ ಬಂದಿದ್ದಾರೆ. ಕಾಯಕದ ಆ ಮಹನೀಯರಿಗೂ ಇಲ್ಲಿ ಕಾಯಕ ಮಾಡುವವರ ಮುಖ ಕಾಣದು, ಕಾಯುವವರದೇ ಕಾಣುವುದು.

ಪ್ರಶ್ನೆ: ಆದರೆ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರೇ ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿಸಿದರಲ್ಲವೆ?

ಮೊಳೆ: ಕೆತ್ತಿಸಿದರು, ಅವರ ಸದಾಶಯವನ್ನು ನಾನು ಸಂಶಯಿಸೆನು. ಆದರೆ 1956ರಲ್ಲಿ ಆ ಸೌಧ ಮುಗಿದಂದಿನಿಂದ ಆ ಬರಹ ನೋಡುತ್ತಿರುವುದು ಬೀದಿಯನ್ನು. ಓದುವವರು ದಾರಿಹೋಕರು, ಒಳಗೆ ಕಡತ ಹಿಡಿದವರಿಗೆ ಅದರ ಬೆನ್ನು ಮಾತ್ರ. ದೇವರ ಕೆಲಸ ಎಂದೊಡನೆ ಪ್ರಜೆ ಏನು ತಿಳಿದ ಗೊತ್ತೆ? ದೇವರ ಕೆಲಸವೆಂದ ಮೇಲೆ ತಡವಾದರೂ ದೂರಬಾರದು, ಕಾಣಿಕೆ ಹಾಕದೆ ಕೇಳಬಾರದು ಎಂದು.

ಪ್ರಶ್ನೆ: ಪಟವನ್ನು ಇಳಿಸಬೇಕೆನ್ನುವಿರಾ?

ಮೊಳೆ: ಇಳಿಸಲು ಹೋದರೆ ಧರ್ಮಕ್ಕೆ ಗಂಡಾಂತರವೆಂದು ಬೀದಿಗೆ ಬರುವವರಿದ್ದಾರೆ, ಇಳಿಸುವುದು ಬೇಡ. ಎದುರು ಗೋಡೆಗೆ, ಬಾಗಿಲಿನ ಮೇಲ್ಗಡೆಗೆ ವರ್ಗಾಯಿಸಲಿ. ಬಂದವನು ಅಧಿಕಾರಿಯನ್ನು ನೋಡಲಿ, ಅಧಿಕಾರಿ ದಿನವಿಡೀ ದೇವರನ್ನು ನೋಡಲಿ.

ಪ್ರಶ್ನೆ: ಯಾರಿಗಾದರೂ ಅರಿಕೆ ಮಾಡಿಕೊಂಡಿರಾ?

ಮೊಳೆ: ಮಾಡಿಕೊಂಡೆ. ಎದುರು ಗೋಡೆ ಸರ್ಕಾರಿ ಸ್ವತ್ತಂತೆ. ಅದಕ್ಕೆ ಮೊಳೆ ಹೊಡೆಯಲು ಮೇಲಿನವರ ಲಿಖಿತ ಅನುಮತಿ ಬೇಕಂತೆ. ಈ ಗೋಡೆಗೆ ನನ್ನನ್ನು ಹೊಡೆದಾಗ ಯಾರೂ ಕೇಳಿರಲಿಲ್ಲ.