ನೆರವಿನ ಕತ್ತರಿ ಹಿಡಿದಿರುವವರಿಗೆ

ಯುರೋಪು, ಬ್ರಿಟನ್, ಅಮೆರಿಕಗಳಲ್ಲಿ ವಿದೇಶಿ ನೆರವಿನ ಬಜೆಟ್ಟಿಗೆ ಸಹಿ ಹಾಕುವ ಮಾನ್ಯರೇ,



ನಾನು ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರ. ನಿಮ್ಮ ಹಣ ನನ್ನ ತೋಟಕ್ಕೆ ಬಂದಿಲ್ಲ. ಬರಲಿ ಎಂದು ಕೇಳಲು ಈ ಪತ್ರ ಬರೆಯುತ್ತಲೂ ಇಲ್ಲ. ನಾನು ಬರೆಯುತ್ತಿರುವುದು ಮೊಲ್ಡೋವಾದ ಪರವಾಗಿ. ರೊಮೇನಿಯಾ ಮತ್ತು ಉಕ್ರೇನ್ ನಡುವೆ ಸಿಕ್ಕಿಕೊಂಡಿರುವ, 1991ರವರೆಗೆ ಸೋವಿಯತ್ ಒಕ್ಕೂಟದ ಭಾಗವಾಗಿದ್ದ, ಹತ್ತಿರಹತ್ತಿರ ನಮ್ಮ ಒಂದು ಜಿಲ್ಲೆಯಷ್ಟೇ ಜನರಿರುವ ದೇಶ ಅದು. ಅವರೂ ದ್ರಾಕ್ಷಿ ಬೆಳೆಯುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುವುದು ಆ ದಾರಿಯಿಂದ.

ಬ್ರಿಟನ್ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5ರಿಂದ 2027ರ ಹೊತ್ತಿಗೆ ಶೇ. 0.3ಕ್ಕೆ ಇಳಿಸುವುದಾಗಿ ಹೇಳಿದೆ. ಅಮೆರಿಕದ ಯುಎಸ್‌ಏಡ್ 2025ರ ಜುಲೈ 1ಕ್ಕೆ ಕೆಲಸ ನಿಲ್ಲಿಸಿತು. ಅಳಿದುಳಿದ ಯೋಜನೆಗಳು ಅಲ್ಲಿನ ವಿದೇಶಾಂಗ ಇಲಾಖೆಯ ಪಾಲಾದವು. ಉಳಿದವರೂ ಕತ್ತರಿ ಮಸೆಯುತ್ತಿದ್ದೀರಿ. ಕತ್ತರಿ ಹಿಡಿಯುವುದು ನನ್ನ ಕಸುಬೂ ಹೌದು. ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲಿ ಮತ್ತು ಅಕ್ಟೋಬರಿನಲ್ಲಿ, ನಮ್ಮಲ್ಲಿ ಬಳ್ಳಿ ಸವರುವ ಚಾಟ್ನಿ ನಡೆಯುತ್ತದೆ. ಕಡ್ಡಿಯ ಮೇಲೆ ಬೆರಳಾಡಿಸಿ ಚಿಗುರುವ ಕಣ್ಣು ಎಣಿಸದೆ ಯಾವ ಆಳೂ ಕತ್ತರಿ ಒತ್ತುವುದಿಲ್ಲ. ನೀವು ಕತ್ತರಿಸಲು ಹೊರಟಿರುವ ಕಡ್ಡಿಯಲ್ಲಿ ಎಷ್ಟು ಕಣ್ಣಿವೆ ಎಂದು ತೋರಿಸುವುದಷ್ಟೇ ನನ್ನ ಉದ್ದೇಶ.

ಮೊದಲು ನನ್ನದೇ ಕತೆ ಹೇಳುತ್ತೇನೆ. 2010ರಲ್ಲಿ ಭಾರತದಿಂದ ಯುರೋಪಿಗೆ ಹೋದ ದ್ರಾಕ್ಷಿ ಕಂಟೇನರುಗಳು ಅಲ್ಲಿನ ಬಂದರುಗಳಲ್ಲಿ ನಿಂತುಹೋದವು. ಹಣ್ಣಿನಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ರಾಸಾಯನಿಕದ ಉಳಿಕೆ ಮಿತಿ ಮೀರಿತ್ತು. ಬಳ್ಳಿಯ ಓಟ ತಡೆದು ಕಾಯಿಕಣ್ಣು ಹೆಚ್ಚಿಸಲು ಏಪ್ರಿಲ್ ಚಾಟ್ನಿಯ ನಂತರ ಹೊಡೆಯುತ್ತಿದ್ದ ಔಷಧಿ ಅದು. ಹೊಡೆದು ತಿಂಗಳುಗಳು ಕಳೆದರೂ ಅದು ಬಳ್ಳಿಯೊಳಗೇ ಉಳಿದು ಹಣ್ಣಿಗೆ ಇಳಿಯುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಆಗ ನಮ್ಮಲ್ಲಿ ಪರೀಕ್ಷೆ ಮಾಡುತ್ತಿದ್ದ ರಾಸಾಯನಿಕಗಳ ಪಟ್ಟಿಯಲ್ಲೂ ಅದರ ಹೆಸರಿರಲಿಲ್ಲ. ನನ್ನ ಹಣ್ಣು ಕೊಂಡಿದ್ದ ರಫ್ತುದಾರ ಆ ವರ್ಷದ ಬಾಕಿಯನ್ನು ಇವತ್ತಿಗೂ ಕೊಟ್ಟಿಲ್ಲ. ಅವನ ಮೇಲೆ ನನಗೀಗ ಸಿಟ್ಟಿಲ್ಲ, ಅವನ ಮನೆಯೂ ಮುಳುಗಿತ್ತು.

ಆದರೆ ನಮ್ಮದು ದೊಡ್ಡ ದೇಶ. ಪುಣೆಯಲ್ಲಿ ದ್ರಾಕ್ಷಿ ಸಂಶೋಧನಾ ಕೇಂದ್ರವಿತ್ತು, ವಿಜ್ಞಾನಿಗಳಿದ್ದರು, ಯಂತ್ರ ಕೊಳ್ಳಲು ದೆಹಲಿಯಲ್ಲಿ ದುಡ್ಡಿತ್ತು. ಪಟ್ಟಿ ಉದ್ದವಾಯಿತು, ಪರೀಕ್ಷೆ ಬಿಗಿಯಾಯಿತು, ಕಂಟೇನರುಗಳು ಮತ್ತೆ ಹೊರಟವು. ಈಗ ಕಟಾವಿಗೆ ಮುಂಚೆ ಪ್ರಯೋಗಾಲಯದ ಹುಡುಗ ತೋಟಕ್ಕೆ ಬಂದು, ಸಾಲಿನ ಆ ತುದಿಯಲ್ಲೊಂದು ಈ ತುದಿಯಲ್ಲೊಂದು ಗೊಂಚಲು ಕೊಯ್ದು, ಚೀಲಕ್ಕೆ ಹಾಕಿ ಮೊಹರು ಒತ್ತಿಕೊಂಡು ಹೋಗುತ್ತಾನೆ. ನಾಲ್ಕು ದಿನ ನಿದ್ದೆ ಬರುವುದಿಲ್ಲ, ಆಮೇಲೆ ಚೀಟಿ ಬರುತ್ತದೆ. ಆ ಚೀಟಿ ಇಲ್ಲದೆ ಒಂದು ಗೊಂಚಲೂ ಯುರೋಪಿಗೆ ಹೋಗುವುದಿಲ್ಲ.

ವ್ಯಾಪಾರ ಸಾಮರ್ಥ್ಯ ಎಂದು ನಿಮ್ಮ ಕಡತಗಳಲ್ಲಿ ಬರೆದಿರುವುದು ಈ ಚೀಟಿಯನ್ನು. ಅದರ ಹಿಂದೆ ನಿಂತಿರುವ ಯಂತ್ರ, ಅದನ್ನು ನಡೆಸಬಲ್ಲ ರಸಾಯನಶಾಸ್ತ್ರಜ್ಞೆ, ಅವಳ ಲೆಕ್ಕವನ್ನು ಹೊರದೇಶದವನೂ ಒಪ್ಪುವಂತೆ ಮಾಡುವ ಮಾನ್ಯತೆ, ನನ್ನ ತೋಟದ ಔಷಧಿ ಪುಸ್ತಕ, ಇವೆಲ್ಲ ಸೇರಿದರೆ ಒಂದು ಚೀಟಿ. ಮೊಲ್ಡೋವಾದಂಥ ಪುಟ್ಟ ದೇಶ ಇಷ್ಟನ್ನೂ ಒಂದೇ ಸಲ ಎಲ್ಲಿಂದ ತರಬೇಕು?

ಆ ದೇಶದ ಹಿಂದಿನದನ್ನು ಸ್ವಲ್ಪ ನೆನೆಯಿರಿ. ಸೋವಿಯತ್ ಕಾಲದಲ್ಲಿ ಮೊಲ್ಡೋವಾದ ವೈನಿಗೆ ಗಿರಾಕಿ ಹುಡುಕುವ ಪ್ರಮೇಯವೇ ಇರಲಿಲ್ಲ. ಮಾಸ್ಕೋ ಹೇಳಿದಷ್ಟು ಮಾಡುವುದು, ಕಳಿಸುವುದು. 1985ರಲ್ಲಿ ಗೋರ್ಬಚೇವ್ ಮದ್ಯದ ವಿರುದ್ಧ ಹೊರಟಾಗ ಸಾವಿರಾರು ಎಕರೆ ಬಳ್ಳಿ ಕಿತ್ತುಹಾಕಿದರು. ಬಳ್ಳಿ ಕೀಳುವುದನ್ನು ನೋಡಿದವನಿಗೆ ಗೊತ್ತು, ಅದು ಬೆಳೆ ತೆಗೆದಂತಲ್ಲ, ಮನೆ ಕೆಡವಿದಂತೆ. ಸ್ವಾತಂತ್ರ್ಯ ಬಂತು, 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವವೂ ಬಂತು. ಕಾಗದದ ಮೇಲೆ ಇಡೀ ಲೋಕದ ಮಾರುಕಟ್ಟೆ ತೆರೆದಿತ್ತು. ಆದರೂ ವೈನ್ ರಫ್ತಿನ ಐದರಲ್ಲಿ ನಾಲ್ಕು ಪಾಲು ಹೋಗುತ್ತಿದ್ದುದು ಹಳೆಯ ಗಿರಾಕಿ ರಷ್ಯಾಕ್ಕೇ. ಬೇರೆಯವರಿಗೆ ಮಾರಲು ಬೇಕಾದ ರುಚಿ, ಬಾಟಲಿ, ಲೇಬಲ್ಲು, ಚೀಟಿ ಯಾವುದೂ ಕೈಯಲ್ಲಿರಲಿಲ್ಲ.

2006ರ ಮಾರ್ಚ್‌ನಲ್ಲಿ ರಷ್ಯಾ ಮೊಲ್ಡೋವಾ ಮತ್ತು ಜಾರ್ಜಿಯಾ ಎರಡೂ ದೇಶಗಳ ವೈನನ್ನು ನಿಷೇಧಿಸಿತು. ಕೊಟ್ಟ ಕಾರಣ ಕೀಟನಾಶಕ ಮತ್ತು ಭಾರಲೋಹಗಳ ಉಳಿಕೆ. ನನ್ನ ಮೇಲೆ ಬಂದದ್ದೂ ಉಳಿಕೆಯ ಆರೋಪವೇ. ನನ್ನ ಹಣ್ಣಿನಲ್ಲಿ ಅದು ನಿಜವಾಗಿಯೂ ಇತ್ತು. ಅವರ ಮೇಲಿನ ಆರೋಪದ ಹಿಂದೆ ರಾಜಕೀಯವಿತ್ತೆಂದು ಲೋಕವೆಲ್ಲ ಮಾತಾಡಿತು. ಆ ಎರಡೂ ದೇಶಗಳು ಆಗ ಪಶ್ಚಿಮದ ಕಡೆ ಮುಖ ಮಾಡಿದ್ದವು. ಆದರೆ ಇಂಥ ಆರೋಪಕ್ಕೆ ಮಾತು ಉತ್ತರವಾಗುವುದಿಲ್ಲ. ಮೂರನೆಯ ಕೊಳ್ಳುಗನೂ ನಂಬುವ ಚೀಟಿ ಬೇಕು, ಮೂರನೆಯ ಕೊಳ್ಳುಗನೂ ಬೇಕು. 2013ರ ಸೆಪ್ಟೆಂಬರಿನಲ್ಲಿ ಮೊಲ್ಡೋವಾ ಯುರೋಪಿನ ಒಕ್ಕೂಟದ ಜೊತೆ ಒಪ್ಪಂದಕ್ಕೆ ತಯಾರಾಗುತ್ತಿದ್ದಾಗ ವೈನಿಗೆ ಮತ್ತೆ ನಿಷೇಧ ಬಂತು. 2014ರಲ್ಲಿ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಹಣ್ಣಿಗೂ ಬಂತು.

ನಿಮ್ಮ ನೆರವು ಕೆಲಸಕ್ಕೆ ಬಂದದ್ದು ಈ ಪೆಟ್ಟುಗಳ ನಡುವೆಯೇ. ಯುರೋಪಿಯನ್ ಹೂಡಿಕೆ ಬ್ಯಾಂಕು ವೈನ್ ಉದ್ಯಮಕ್ಕೆ 7.5 ಕೋಟಿ ಯೂರೋ ಸಾಲ ಕೊಟ್ಟಿತು. ಹಳೆಯ ಕಾನೂನುಗಳನ್ನು ತಿದ್ದಿ ಸಣ್ಣ ತಯಾರಕರಿಗೂ ದಾರಿ ಬಿಡಲಾಯಿತು. 2013ರಲ್ಲಿ ಬಳ್ಳಿ ಮತ್ತು ವೈನಿನ ರಾಷ್ಟ್ರೀಯ ಕಚೇರಿ ಶುರುವಾಯಿತು. ಅದರ ನಿಧಿಗೆ ತಯಾರಕರೇ ವಂತಿಗೆ ಕಟ್ಟುತ್ತಾರೆ, ಸರ್ಕಾರವೂ ಪಾಲು ಹಾಕುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ತನ್ನ ಜೇಬಿನಿಂದ ವಂತಿಗೆ ಕಟ್ಟಿದವನು ಸಭೆಗೆ ಬರುತ್ತಾನೆ, ಲೆಕ್ಕ ಕೇಳುತ್ತಾನೆ. ಅಮೆರಿಕ 2010ರಿಂದ 2015ರವರೆಗೆ 26.2 ಕೋಟಿ ಡಾಲರಿನ ಒಪ್ಪಂದವೊಂದರಲ್ಲಿ ಸೋವಿಯತ್ ಕಾಲದ ಪಾಳುಬಿದ್ದ ನೀರಾವರಿ ವ್ಯವಸ್ಥೆಗಳನ್ನು ರಿಪೇರಿ ಮಾಡಿಸಿ, ಸೊರೋಕಾ ಕಡೆಯ ಹೆದ್ದಾರಿಯನ್ನೂ ಸರಿಪಡಿಸಿತು. ನೀರು ಬೇಕಾದರೆ ರೈತರು ನೀರು ಬಳಕೆದಾರರ ಸಂಘ ಕಟ್ಟಿಕೊಳ್ಳಬೇಕಿತ್ತು. ಕೃಷ್ಣೆಯ ಕಾಲುವೆಯ ಕೊನೆಯಂಚಿನಲ್ಲಿ ಕೂತು ಪಾಳಿ ಕಾಯುವ ನಮಗೆ ಅಂಥ ಸಂಘದ ಬೆಲೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ನಾನೇ ಕಣ್ಣಾರೆ ಕಂಡದ್ದು. ನನ್ನ ಅಣ್ಣನ ಮಗಳು ಮೊಲ್ಡೋವಾದ ರಾಜಧಾನಿ ಕಿಶಿನೌದಲ್ಲಿ ಡಾಕ್ಟರಿಕೆ ಓದುತ್ತಾಳೆ. ನಮ್ಮ ದೇಶದ ಎಷ್ಟೋ ಮಕ್ಕಳು ಅಲ್ಲಿದ್ದಾರೆ. 2023ರ ಸೆಪ್ಟೆಂಬರ್ ಕೊನೆಯಲ್ಲಿ, ನಮ್ಮ ಅಕ್ಟೋಬರ್ ಚಾಟ್ನಿಗೆ ಮೊದಲು ಸಿಕ್ಕ ಬಿಡುವಿನಲ್ಲಿ, ಅವಳನ್ನು ನೋಡಲು ಹೋಗಿದ್ದೆ. ಗೆಳತಿಯೊಬ್ಬಳ ಮಾವನ ಊರಿಗೆ ಕರೆದುಕೊಂಡು ಹೋದಳು. ಗಂಡ ಹೆಂಡತಿ ಇಬ್ಬರೇ. ಮಗ ಇಟಲಿಯಲ್ಲಿ ಕಟ್ಟಡ ಕೆಲಸ ಮಾಡುತ್ತಾನೆ. ನಮ್ಮೂರಿನ ಹುಡುಗರು ಗೋವಾಕ್ಕೆ, ಮುಂಬೈಗೆ ಗುಳೆ ಹೋದ ಹಾಗೆ ಅಲ್ಲಿನವರು ಇಟಲಿಗೆ ಹೋಗುತ್ತಾರೆ. ಅವರು ಬೆಳೆಯುವುದು ತಿನ್ನುವ ದ್ರಾಕ್ಷಿ. ತಳಿಯ ಹೆಸರೂ ಮೊಲ್ಡೋವಾ. ಕಪ್ಪು ನೀಲಿ ಬಣ್ಣ, ದಪ್ಪ ಸಿಪ್ಪೆ. ತಣ್ಣಗಿಟ್ಟರೆ ತಿಂಗಳುಗಟ್ಟಲೆ ತಾಳುತ್ತದೆ.

ಮನೆಯ ಹಿಂದೆ ಒಂದು ಶೀತಲ ಕೋಣೆ. ಅರ್ಧ ದುಡ್ಡು ಸಾಲ, ತರಬೇತಿ ಮತ್ತು ನಕ್ಷೆ ನೆರವಿನ ಯೋಜನೆಯೊಂದರದು. ಒಳಗೆ ಕಾಲಿಟ್ಟಾಗ ಚಳಿ ಮುಖಕ್ಕೆ ಬಡಿಯಿತು. ಕ್ರೇಟುಗಳ ನಡುವೆ ಬೆರಳು ತೂರುವಷ್ಟು ಸಂದು, ಪ್ರತಿ ಪೆಟ್ಟಿಗೆಯಲ್ಲಿ ಗೊಂಚಲುಗಳ ಮೇಲೊಂದು ಗಂಧಕದ ಹಾಳೆ, ಬೂಸ್ಟು ಹಿಡಿಯದಂತೆ. ಅದೇ ಹಾಳೆ ನಮ್ಮ ಪ್ಯಾಕ್‌ಹೌಸಿನಲ್ಲೂ ಇದೆ. ಬಾಗಿಲಿಗೆ ದಾರ ಕಟ್ಟಿ ಒಂದು ನೋಟ್‌ಬುಕ್ ನೇತುಹಾಕಿದ್ದರು. ಬೆಳಿಗ್ಗೆ ಸಂಜೆ ಉಷ್ಣಾಂಶ ಬರೆಯಲು. ಆ ತಾಯಿ ಇನ್ನೊಂದು ಪುಸ್ತಕ ತಂದು ನನ್ನ ಮುಂದೆ ಬಿಚ್ಚಿದರು. ಅವರ ಭಾಷೆ ನನಗೆ ಬರುವುದಿಲ್ಲ, ಆದರೆ ಕಾಲಮ್ಮುಗಳು ಓದಲು ಬಂದವು. ತಾರೀಖು, ಔಷಧಿಯ ಹೆಸರು, ಎಷ್ಟು, ಕಟಾವಿಗೆ ಎಷ್ಟು ದಿನ ಮೊದಲು. ನನ್ನ ಮನೆಯ ಕಪಾಟಿನಲ್ಲಿರುವುದೂ ಇದೇ ಪುಸ್ತಕ. ಮೊಬೈಲಿನಲ್ಲಿ ನನ್ನದರ ಫೋಟೋ ತೋರಿಸಿದೆ. ಗಂಡ ಹೆಂಡತಿ ತಲೆಗೆ ತಲೆ ತಾಗಿಸಿ ನೋಡಿದರು.

ಅವರು ಕೇಳಿದ ಒಂದೇ ಒಂದು ಪ್ರಶ್ನೆ: ನಿಮ್ಮ ಹಣ್ಣನ್ನು ಬೇಡವೆಂದಾಗ ನೀವೇನು ಮಾಡಿದಿರಿ? ಬಳ್ಳಿಯ ಮೇಲೆ ಉಳಿದದ್ದನ್ನೆಲ್ಲ ಒಣಗಿಸಿದೆವು ಎಂದೆ. ಬೇಸಿಗೆಯ ಬಿಸಿಲು, ಶೆಡ್ಡು, ಹದಿನೈದು ದಿನದಲ್ಲಿ ಮಣೂಕ. ಒಂದಿಷ್ಟಾದರೂ ಅಸಲು ಕೈಗೆ ಬಂತು. ಅಣ್ಣನ ಮಗಳು ಅದನ್ನು ರೊಮೇನಿಯನ್ ಭಾಷೆಯಲ್ಲಿ ಹೇಳಿದಾಗ ಯಜಮಾನ ಕಿಟಕಿಯ ಆಚೆ ನೋಡಿದರು. ಹೊರಗೆ ಜಿನುಗು ಮಳೆ. ಅವರ ಕಟಾವಿನ ಹೊತ್ತಿಗೆ ಮಂಜು ಮಳೆ ಶುರುವಾಗಿರುತ್ತದೆ. ಒಣಗಿಸಲು ಬಿಸಿಲಿಲ್ಲ. ಆ ಕೋಣೆ, ಆ ಎರಡು ಪುಸ್ತಕ ಬಿಟ್ಟರೆ ಅವರಿಗೆ ಬೇರೆ ಆಸರೆಯಿಲ್ಲ.

ಮಾನ್ಯರೇ, ನಿಮ್ಮ ನೆರವೆಲ್ಲ ಸಾರ್ಥಕವಾಯಿತು ಎಂದು ನಾನು ಹೇಳಲಾರೆ. ವಿಮಾನದಲ್ಲಿ ಬಂದು ಹೋಟೆಲಿನಲ್ಲಿ ಕಾರ್ಯಾಗಾರ ನಡೆಸಿ ವರದಿ ಬರೆದು ಹೋದ ಸಲಹೆಗಾರರ ಖರ್ಚು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದನ್ನು ಕತ್ತರಿಸಿ, ಯಾರೂ ಅಳುವುದಿಲ್ಲ. ಯಂತ್ರ ಕೊಟ್ಟು ಅದನ್ನು ನಡೆಸುವವರ ಸಂಬಳ ಮರೆಯುವುದೂ ತಪ್ಪೇ. ನಮ್ಮ ಕಡೆಯ ಒಂದು ಪ್ರಯೋಗಾಲಯದಲ್ಲಿ ಕೋಟಿ ಬೆಲೆಯ ಯಂತ್ರ ಎರಡು ವರ್ಷ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ನಿಂತಿದ್ದನ್ನು ನಾನು ನೋಡಿದ್ದೇನೆ. ಮಾನ್ಯತೆ ಒಮ್ಮೆ ಪಡೆದು ಗೋಡೆಗೆ ತೂಗುಹಾಕುವ ಸರ್ಟಿಫಿಕೇಟಲ್ಲ. ಮತ್ತೆ ಮತ್ತೆ ತಪಾಸಣೆ, ಮತ್ತೆ ಮತ್ತೆ ಖರ್ಚು. ಒಂದು ಸಲ ತಪ್ಪಿದರೆ ಅಲ್ಲಿಂದ ಹೊರಟ ಚೀಟಿಗಳಿಗೆಲ್ಲ ಬೆಲೆಯಿಲ್ಲ. ಅದಕ್ಕೇ ನಡುನೀರಿನಲ್ಲಿ ಕೈಬಿಡಬೇಡಿ ಎನ್ನುತ್ತಿದ್ದೇನೆ. ಅರ್ಧ ಕಟ್ಟಿದ ಪ್ರಯೋಗಾಲಯದಿಂದ ಅರ್ಧ ಚೀಟಿ ಬರುವುದಿಲ್ಲ.

ಇನ್ನೊಂದು ಮಾತು, ಇದು ಯುರೋಪಿನವರಿಗೆ. 2014ರ ಸೆಪ್ಟೆಂಬರಿನಿಂದ ನಿಮ್ಮ ಮಾರುಕಟ್ಟೆಯನ್ನು ಮೊಲ್ಡೋವಾಕ್ಕೆ ತೆರೆದಿರಿ. ಇವತ್ತು ಅವರ ರಫ್ತಿನ ಅರ್ಧಕ್ಕಿಂತ ಹೆಚ್ಚು ನಿಮ್ಮಲ್ಲಿಗೇ ಬರುತ್ತದೆ. ಅದು ನಿಮ್ಮ ದೊಡ್ಡ ಉಪಕಾರ, ನಾನು ಒಪ್ಪುತ್ತೇನೆ. ಆದರೆ ಅವರು ಚೆನ್ನಾಗಿ ಬೆಳೆಯುವ ಪ್ಲಮ್, ಸೇಬು, ತಿನ್ನುವ ದ್ರಾಕ್ಷಿಗಳಿಗೇ ಸುಂಕವಿಲ್ಲದ ಪ್ರಮಾಣಕ್ಕೆ ಮಿತಿ ಹಾಕಿದಿರಿ. ಒಂದು ಕೈಯಿಂದ ಶೀತಲ ಕೋಣೆ ಕಟ್ಟಿಸಿ ಇನ್ನೊಂದು ಕೈಯಿಂದ ಬಾಗಿಲು ಅರ್ಧ ಮುಚ್ಚಿದಿರಿ. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧ ಬಂದು, ಪೂರ್ವದ ಕಡೆಗೆ ಹೋಗುತ್ತಿದ್ದ ಅವರ ಹಣ್ಣಿನ ಲಾರಿಗಳ ದಾರಿ ಕಟ್ಟಿಹೋದಾಗ, ಆ ಜುಲೈನಲ್ಲಿ ಪ್ಲಮ್, ದ್ರಾಕ್ಷಿ, ಸೇಬು, ಟೊಮ್ಯಾಟೊ, ಬೆಳ್ಳುಳ್ಳಿ, ಚೆರ್ರಿ, ದ್ರಾಕ್ಷಿ ರಸ, ಈ ಏಳಕ್ಕೂ ತಾತ್ಕಾಲಿಕವಾಗಿ ಬಾಗಿಲು ಬಿಟ್ಟಿರಿ. ಬಿಡಬಹುದಿತ್ತು ಎಂದಾಯಿತಲ್ಲ! ಹಾಗಿದ್ದರೆ ಎಂಟು ವರ್ಷ ಅವರನ್ನು ಕಾಯಿಸಿದ್ದೇಕೆ? ಪಶ್ಚಿಮದ ಬಾಗಿಲು ಅಗಲವಾಗಿದ್ದಿದ್ದರೆ ಎಷ್ಟೋ ರೈತರು ಅಷ್ಟರಲ್ಲಿ ಪೂರ್ವದ ಗಿರಾಕಿಯನ್ನು ಬಿಟ್ಟು ಈ ಕಡೆ ಬಂದುಬಿಟ್ಟಿರುತ್ತಿದ್ದರು.

ನೆರವಿನ ಮಾತು ಹೊಸದೂ ಅಲ್ಲ. 2005ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಚಿವರೆಲ್ಲ ಕೂತು, ಬಾಗಿಲು ತೆರೆದರಷ್ಟೇ ಸಾಲದು, ಬಾಗಿಲವರೆಗೆ ನಡೆದುಬರುವ ಶಕ್ತಿಯನ್ನೂ ಕೊಡಬೇಕು ಎಂದು ಒಪ್ಪಿಕೊಂಡು ವ್ಯಾಪಾರಕ್ಕಾಗಿ ನೆರವು ಎಂಬ ಹೆಸರಿನಲ್ಲಿ ಮಾತು ಕೊಟ್ಟಿದ್ದಾರೆ. ಆ ಮಾತು ಕೊಟ್ಟವರಲ್ಲಿ ಹಲವರು ಇಂದು ಅಧಿಕಾರದಲ್ಲಿಲ್ಲ, ಗೊತ್ತು. ಆದರೆ ಮಾತು ಕೊಟ್ಟದ್ದು ದೇಶಗಳು.

ನಾನು ಕೇಳುವುದು ಇಷ್ಟೇ. ಕತ್ತರಿ ಒತ್ತುವ ಮುಂಚೆ, ಯಾವ ಯೋಜನೆಯ ಹಿಂದೆ ಒಂದು ಪ್ರಯೋಗಾಲಯವಿದೆ, ಒಂದು ರೈತ ಸಂಘವಿದೆ, ತಯಾರಕರೇ ವಂತಿಗೆ ಕಟ್ಟುವ ನಿಧಿಯಿದೆ ಎಂದು ಒಂದೊಂದಾಗಿ ನೋಡಿ. ಅಂಥವನ್ನು ನಿಲ್ಲಿಸಲೇಬೇಕಾದರೆ ಆ ದೇಶದ ಬಜೆಟ್ಟು ಅದನ್ನು ಹೊರುವವರೆಗೆ, ಎರಡು ಮೂರು ಸುಗ್ಗಿಯ ಗಡುವಾದರೂ ಕೊಡಿ. ಬೊಗಸೆ ಒಡ್ಡಿ ಕೇಳುತ್ತಿರುವುದಲ್ಲ ಇದು. ಆ ಪುಸ್ತಕದಲ್ಲಿ ದಿನಕ್ಕೆರಡು ಸಲ ಉಷ್ಣಾಂಶ ಬರೆದವರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ.

ಅಕ್ಟೋಬರ್ ಕೊನೆಗೆ ಆ ಕೋಣೆ ತುಂಬುತ್ತದೆ. ಕ್ರಿಸ್‌ಮಸ್ ಸಂತೆಯ ಹೊತ್ತಿಗೆ ಖಾಲಿಯಾಗಬೇಕು, ಆಮೇಲೆ ಸಾಲದ ಕಂತಿದೆ. ನಿಮ್ಮ ಬಜೆಟ್ ಸಭೆಗಳು ನಡೆಯುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಉತ್ತರ ಬರೆಯುವುದಿದ್ದರೆ ನನಗೆ ಬೇಡ, ಅವರಿಗೆ ಬರೆಯಿರಿ.

ಇತಿ,
ವಿಜಯಪುರ ಜಿಲ್ಲೆಯ ಒಬ್ಬ ದ್ರಾಕ್ಷಿ ಬೆಳೆಗಾರ