ಅದೇ, ಪುಟ 47

ಕನ್ನಡ ಎಂ.ಎ. ಮಕ್ಕಳಿಗೆ ನಾನು ಹೇಳುವ ಪಾಠ ಗ್ರಂಥಸಂಪಾದನೆ. ಒಂದೇ ಕಾವ್ಯದ ಹತ್ತಾರು ಓಲೆಪ್ರತಿಗಳನ್ನು ಮುಂದೆ ಹರಡಿಕೊಂಡು, ಯಾವುದನ್ನು ನೋಡಿ ಯಾವುದನ್ನು ಬರೆದರು ಎಂದು ಪತ್ತೆ ಹಚ್ಚುವ ಶಾಸ್ತ್ರ ಅದು. ಅದರ ಮುಖ್ಯ ಸೂತ್ರ ಇಷ್ಟೆ: ಎರಡು ಪ್ರತಿಗಳು ಸರಿಯಾಗಿರುವ ಕಡೆ ಹೊಂದಿಕೊಂಡರೆ ಏನೂ ಸಾಬೀತಾಗುವುದಿಲ್ಲ, ತಪ್ಪಿನಲ್ಲಿ ಹೊಂದಿಕೊಂಡರೆ ಎರಡಕ್ಕೂ ತಾಯಿ ಒಂದೇ. ಈ ವಿದ್ಯೆಯಿಂದ ಮಕ್ಕಳಿಗೆ ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಅವರ ಅಸೈನ್‌ಮೆಂಟ್ ತಿದ್ದುವ ನನಗಂತೂ ಇದರಷ್ಟು ಒದಗಿಬಂದ ವಿದ್ಯೆ ಇನ್ನೊಂದಿಲ್ಲ.

ಕೊಟ್ಟ ವಿಷಯ, ಬೆಂಗಳೂರೆಂಬ ಹೆಸರು ಸಿಗುವ ಹಳೆಯ ಆಕರಗಳು. ಇಡೀ ತರಗತಿ ಒಕ್ಕೊರಲಿನಿಂದ ಇಮ್ಮಡಿ ವೀರಬಲ್ಲಾಳನನ್ನು ಬೇಟೆಗೆ ಕಳಿಸಿತು. ರಾಜ ದಾರಿ ತಪ್ಪಿದ, ಹಸಿದ, ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು. ಯಾವ ಕಾಳು ಎಂಬಲ್ಲಿ ಮಾತ್ರ ಪಾಠಾಂತರ: ಕೆಲವು ಪ್ರತಿಗಳಲ್ಲಿ ಅವರೆ, ಕೆಲವುಗಳಲ್ಲಿ ಹುರುಳಿ. ಬಲ್ಲಾಳ ಪಟ್ಟದಲ್ಲಿದ್ದದ್ದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಗಂಗರ ಕಾಲದ ಕಲ್ಲೊಂದಿದೆ, ಸುಮಾರು 890ರದು. ಬೆಂಗಳೂರು ಕಾಳಗದಲ್ಲಿ ಒಬ್ಬ ಸತ್ತ ಸುದ್ದಿ ಅದರಲ್ಲಿದೆ. ಅಜ್ಜಿ ಒಲೆ ಹಚ್ಚುವ ಮುನ್ನೂರು ವರ್ಷ ಮುಂಚೆಯೇ ಊರಿಗೆ ಹೆಸರೂ ಇತ್ತು, ಜಗಳವೂ ಇತ್ತು.

ಈ ಕಲ್ಲಿನ ವಿಚಾರ ಯಾರೂ ಬರೆಯಲಿಲ್ಲವೆಂದಲ್ಲ. ಬರೆದಿದ್ದರು, ಆದರೆ ಅದರ ಕಾಲವನ್ನು ಕ್ರಿ.ಶ. 1890 ಎಂದು ಬರೆದಿದ್ದರು. ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರಿನಲ್ಲಿ. ಮರುವರ್ಷವೇ ಬೇಗೂರಿನವರು ಕತ್ತಿ ಹಿಡಿದು ಬೆಂಗಳೂರಿಗೆ ನುಗ್ಗಿದ್ದರೆ ದಂಡಿನ ಬ್ರಿಟಿಷ್ ಅಧಿಕಾರಿಗಳು ಟೆನಿಸ್ ಬಿಟ್ಟು ಎದ್ದುಬರುತ್ತಿದ್ದರು. ನನಗೆ ಮಾತ್ರ ಆ ಒಂದಂಕಿ ಚಿನ್ನವಾಯಿತು. 1890 ಎಂದವರನ್ನೆಲ್ಲ ಒಂದು ಕಡೆ ಜೋಡಿಸಿದೆ. ಅವರೊಳಗೆ ವೀರಬಲ್ಲಾಳನನ್ನು 'ವೀರಬಾಳ' ಎಂದವರದು ಒಂದು ಕವಲು, 'ಮೇಲಿನ ಚಿತ್ರದಲ್ಲಿ ಕಾಣುವಂತೆ' ಎಂದು ಬರೆದು ಚಿತ್ರವನ್ನೇ ಅಂಟಿಸದವರದು ಇನ್ನೊಂದು. ಸಂಜೆಯ ಹೊತ್ತಿಗೆ ಬೋರ್ಡಿನ ಮೇಲೆ ವಂಶವೃಕ್ಷ ಸಿದ್ಧವಾಯಿತು. ಮಾತೃಪ್ರತಿ ಹಾಸ್ಟೆಲಿನ ಮೊದಲ ಮಹಡಿಯಲ್ಲಿ ಹುಟ್ಟಿ, ಮೆಸ್ಸಿನ ಮಾರ್ಗವಾಗಿ ಹೆಣ್ಣುಮಕ್ಕಳ ಹಾಸ್ಟೆಲು ತಲುಪಿ, ಅಲ್ಲಿ ಸ್ವಲ್ಪ ಶುದ್ಧಗೊಂಡು ಹಿಂದಿರುಗಿತ್ತು. ಮರುದಿನ ಬೋರ್ಡು ನೋಡಿದ ತರಗತಿ ಗ್ರಂಥಸಂಪಾದನೆಯನ್ನು ಮೊದಲ ಬಾರಿಗೆ ಗಂಭೀರವಾಗಿ ತೆಗೆದುಕೊಂಡಿತು.

ಒಂದು ಪ್ರತಿಯನ್ನು ಮಾತ್ರ ಯಾವ ಕವಲಿಗೂ ಸೇರಿಸಲಾಗಲಿಲ್ಲ. ಮುದ್ದಾದ ಕೈಬರಹ. ಪುಟದ ಕೊನೆಯಲ್ಲಿ, ನೀಲಿ ಇಂಕಿನಲ್ಲಿ, ಅಡಿಗೆರೆ ಎಳೆದು ಬರೆದಿತ್ತು: 'ಹೆಚ್ಚಿನ ಮಾಹಿತಿಗೆ ಇಲ್ಲಿ ಕ್ಲಿಕ್ ಮಾಡಿ'. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಮ್ಮೆ ಒತ್ತಿ ನೋಡಿದೆ.

ಇವೆಲ್ಲದರ ನಡುವೆ ಅಡಿಟಿಪ್ಪಣಿ ಹಾಕಿದವನೂ ಒಬ್ಬನಿದ್ದ. ಖುಷಿಯಿಂದ ಕಣ್ಣು ಕೆಳಗಿಳಿಸಿದೆ. ಮೊದಲನೆಯ ಅಧ್ಯಾಯದ ಮೊದಲನೆಯ ಅಡಿಟಿಪ್ಪಣಿ: 'ಅದೇ, ಪುಟ 47'.

"ಅದೇ ಅಂದ್ರೆ ಯಾವುದಪ್ಪ?"

"ಅದೇ ಸಾರ್..."

"ಹೂಂ, ಅದೇ ಯಾವುದು?"

"ಅದೇ ಸಾರ್, ಅಲ್ಲಿ ಹಾಗೇ ಇತ್ತು."

ಈ ಉತ್ತರದಲ್ಲಿ ಸುಳ್ಳಿನ ಲವಲೇಶವೂ ಇರಲಿಲ್ಲವಾದ್ದರಿಂದ ಅವನಿಗೆ ಒಂದು ಅಂಕ ಹೆಚ್ಚು ಕೊಟ್ಟೆ.

ನಕಲು ಮಾಡುವುದು ಪಾಪವೆಂದು ನಾನೆಲ್ಲೂ ಹೇಳುವುದಿಲ್ಲ. ಓಲೆಗರಿಗಳ ಲಿಪಿಕಾರರು ಮಾಡಿದ್ದೆಲ್ಲ ನಕಲೇ. ಅವರು ನಕಲು ಮಾಡದಿದ್ದರೆ ಪಂಪನೂ ನಮಗಿಲ್ಲ, ರನ್ನನೂ ಇಲ್ಲ. ಆದರೆ ಅವರಲ್ಲಿ ಎಷ್ಟೋ ಜನ ಕೊನೆಯ ಗರಿಯಲ್ಲಿ ತಮ್ಮ ಹೆಸರು, ಬರೆದು ಮುಗಿಸಿದ ಸಂವತ್ಸರ, ತಿಥಿ, ವಾರ ಎಲ್ಲ ಬರೆದು, ಕಂಡ ಹಾಗೆ ಬರೆದಿದ್ದೇನೆ, ತಪ್ಪಿದ್ದರೆ ಬೈಯಬೇಡಿ ಎಂದು ಕೈಮುಗಿಯುತ್ತಿದ್ದರು. ಹನ್ನೊಂದನೆಯ ಶತಮಾನದ ದುರ್ಗಸಿಂಹನ ಪ್ರಾಮಾಣಿಕತೆ ಇನ್ನೂ ದೊಡ್ಡದು. ಚಾಲುಕ್ಯರ ಆಸ್ಥಾನದ ದೊಡ್ಡ ಅಧಿಕಾರಿ ಆತ. ಪಂಚತಂತ್ರ ನನ್ನದೇ ಎಂದಿದ್ದರೂ ಕೇಳುವವರಿರಲಿಲ್ಲ. ಎಲ್ಲರಿಗೂ ಗೊತ್ತಿರುವ ವಿಷ್ಣುಶರ್ಮನ ಹೆಸರು ಹೇಳಿ ಕೈತೊಳೆದುಕೊಳ್ಳಲೂಬಹುದಿತ್ತು. ಅದು ಬಿಟ್ಟು, ನನ್ನ ಮೂಲ ವಸುಭಾಗಭಟ್ಟನ ಕೃತಿ ಎಂದು ಹೇಳಿಕೊಂಡ. ಆ ಸಂಸ್ಕೃತ ಕೃತಿ ಇಂದು ನಮ್ಮ ಕೈಯಲ್ಲಿಲ್ಲ. ಸಾಲ ಕೊಟ್ಟವನೇ ಕಣ್ಮರೆಯಾದರೂ ಸಾಲಪತ್ರ ಉಳಿದಿದೆ.

ಇದನ್ನೆಲ್ಲ ಭಾವುಕನಾಗಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. "ಸಾರ್, ಟೆನ್ ಪರ್ಸೆಂಟ್ ತನಕ ಪರವಾಗಿಲ್ಲ ಅಂತ ಯುಜಿಸಿನೇ ಹೇಳಿದೆಯಂತಲ್ಲ?" ಹೇಳಿರುವುದು ಹೌದು. 2018ರ ನಿಯಮದಂತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರವರೆಗಿದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. 60 ದಾಟಿದರೆ ನೋಂದಣಿಯೇ ರದ್ದು. ನಮ್ಮ ಮಕ್ಕಳು ಇದನ್ನು ಆಷಾಢದ ಸೀರೆ ಸೇಲಿನಂತೆ ಓದಿಕೊಂಡಿದ್ದಾರೆ. ಹತ್ತು ಪರ್ಸೆಂಟ್ ಬಿಟ್ಟುಕೊಡುವುದು ದಡ್ಡತನ ಎಂಬ ಭಾವನೆ. ಉಳಿದ ತೊಂಬತ್ತಕ್ಕೆ ಉಪಾಯವಿದೆ: 'ರಾಜನು ಕಾಡಿಗೆ ಹೋದನು' ಎಂಬುದನ್ನು 'ಅರಸನು ಅರಣ್ಯಕ್ಕೆ ತೆರಳಿದನು' ಎಂದು ಮಾಡಿದರಾಯಿತು. ಕನ್ನಡದ ಶಬ್ದಸಂಪತ್ತು ಇಷ್ಟು ಚುರುಕಾಗಿ ಬಳಕೆಯಾಗುವುದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

"ಪುಸ್ತಕ ಬಿಡಿ, ಕ್ಷೇತ್ರಕಾರ್ಯಕ್ಕೆ ಕಳಿಸಿ" ಎಂದು ಜಾನಪದದ ಸಹೋದ್ಯೋಗಿ ಹೇಳುತ್ತಾರೆ. ಅವರ ಮೇಜಿನ ಮೇಲೊಂದು ಪ್ರಶ್ನಾವಳಿಯ ಕಟ್ಟು ನೋಡಿದ್ದೇನೆ. ಬೇರೆ ಬೇರೆ ತಾಲ್ಲೂಕಿನ ವಕ್ತೃಗಳು, ಬೇರೆ ಬೇರೆ ಕಸುಬು, ಒಂದೇ ಪೆನ್ನು. ಇಡೀ ಜಿಲ್ಲೆ 'ಸಾಂಸ್ಕೃತಿಕ' ಎಂಬಲ್ಲಿ ಒತ್ತಕ್ಷರ ಬಿಟ್ಟಿತ್ತು.

ಆದರೂ ಎರಡನೆಯ ಸುತ್ತಿನಲ್ಲಿ ಒಬ್ಬ ಹುಡುಗಿ ನಿಜವಾಗಿಯೂ ಬೇಗೂರಿಗೆ ಹೋದಳು. ಭಾನುವಾರ, ಮೆಜೆಸ್ಟಿಕ್ಕಿನಿಂದ ಬಸ್ಸು, ಹೊಸೂರು ರಸ್ತೆಯ ಸಕಲ ಸಿಗ್ನಲ್ಲುಗಳು. ನಡುಮಧ್ಯಾಹ್ನ ಕಲ್ಲಿನ ಮುಂದೆ ನಿಂತರೆ ಅಕ್ಷರವೇ ಕಾಣಲಿಲ್ಲ ಎಂದು ಅಲ್ಲಿಂದಲೇ ಫೋನು ಮಾಡಿದಳು. ನೆತ್ತಿಯ ಬಿಸಿಲಿನಲ್ಲಿ ಹಾಗೇ ಆಗುತ್ತದೆ, ಪಕ್ಕದಿಂದ ಓರೆಯಾಗಿ ಬೆಳಕು ಬಿದ್ದರೆ ಸವೆದ ಅಕ್ಷರ ನೆರಳು ಕಟ್ಟಿ ಏಳುತ್ತದೆ, ಸಂಜೆಯವರೆಗೆ ಕಾಯಮ್ಮ ಎಂದೆ. ಕಾದಳು. ಮೊಬೈಲಿನ ಟಾರ್ಚನ್ನು ಕಲ್ಲಿಗೆ ಒರಗಿಸಿ ಹಿಡಿದು ಫೋಟೋ ತೆಗೆದಳು. ಗ್ರಂಥಾಲಯಕ್ಕೆ ಬಂದು ಎಪಿಗ್ರಾಫಿಯಾ ಕರ್ನಾಟಿಕಾ ಶಾಸನ ಸಂಪುಟಗಳ ಧೂಳು ಕೊಡವಿ ಅಚ್ಚಿನ ಪಾಠದ ಜೊತೆ ಹೋಲಿಸಿದಳು. ಆ ಸಂಪುಟಗಳನ್ನು ಆರಂಭಿಸಿದ ರೈಸ್ ಸಾಹೇಬರು ಒಂದೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು, ಕ್ರಮಸಂಖ್ಯೆ ಕೊಟ್ಟು ಕೂರಿಸಿದರು. ಓದು ತಪ್ಪೆನಿಸಿದರೆ ಯಾರು ಬೇಕಾದರೂ ಕಲ್ಲಿನ ಬುಡಕ್ಕೇ ಹೋಗಿ ಅವರ ಮೇಲೆ ತಕರಾರು ತೆಗೆಯಬಹುದು, ತೆಗೆದವರು ಬೇಕಾದಷ್ಟಿದ್ದಾರೆ. ಆಕರ ಕೊಡುವುದು ಭಕ್ತಿಗಲ್ಲ, ಇಂಥ ತಕರಾರಿಗೆ ದಾರಿ ಬಿಡುವುದಕ್ಕೆ ಎಂಬುದು ನನ್ನ ಹಟ.

ಅವಳ ಪ್ರಬಂಧದಲ್ಲಿ ನನಗೆ ಬಹಳ ಇಷ್ಟವಾದದ್ದು ಕಲ್ಲಿನ ಭಾಗವಲ್ಲ. ಸಂಜೆಯಾಗಲೆಂದು ಕಾಯುತ್ತ ಕೂತವಳಿಗೆ ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು ಜೊತೆಯಾಗಿದ್ದಾರೆ. ಬೆಂಗಳೂರಿಗೆ ಆ ಹೆಸರು ಹೇಗೆ ಬಂತಜ್ಜಿ ಎಂದರೆ, 890ರ ಆ ಕಲ್ಲಿಗೇ ಬೆನ್ನು ಕೊಟ್ಟು ಕೂತು, ಬೆಂದಕಾಳಿನ ಕತೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿದ್ದಾರೆ. ಅವರ ಪಾಠದಲ್ಲಿ ರಾಜ ಎರಡನೆಯ ಸಲ ಬಡಿಸಿಕೊಳ್ಳುತ್ತಾನೆ, ಉಪ್ಪು ಕಮ್ಮಿ ಅನ್ನುತ್ತಾನೆ, ಬೈಸಿಕೊಳ್ಳುತ್ತಾನೆ. ಇದು ಯಾವ ಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹುಡುಗಿ ಎರಡನ್ನೂ ಬರೆದಳು: ಕಾಳಗಕ್ಕೆ ಕಲ್ಲು ಆಕರ, ಕಾಳಿಗೆ ಅಜ್ಜಿ ಆಕರ. ವಕ್ತೃವಿನ ವಿವರವನ್ನು ಕ್ರಮಬದ್ಧವಾಗಿ ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದಳು. ಹೆಸರು, ಊರು, ಕಸುಬು, ತಾರೀಕು, ಎಲ್ಲಿ ಕೂತು ಹೇಳಿದ್ದು, ಎಲ್ಲವೂ ಇತ್ತು. ವಯಸ್ಸು ಎಂಬಲ್ಲಿ, ಉದ್ಧರಣ ಚಿಹ್ನೆಯ ಒಳಗೆ, ಅಕ್ಷರವೊಂದೂ ಬದಲಿಸದೆ: "ಅದ್ಯಾಕೆ ನಿಂಗೆ?"